ಬೆಳಿಗ್ಗೆ ಎಂಟು ಗಂಟೆ ನಲವತ್ತನಾಲ್ಕು ನಿಮಿಷ ಎಂಟು ಸೆಕೆಂಡ್

ಹೊಸ ಆಪರೇಟಿಂಗ್ ಸಿಸ್ಟಂ ಬಂತೆಂದರೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ ಒಂದೇ: ನೋಡಲು ಹೇಗಿದೆ? 2025ರ ಆಗಸ್ಟ್ 9ರಂದು ಡೆಬಿಯನ್ 13 ಬಿಡುಗಡೆಯಾದಾಗ ನನ್ನ ಸ್ನೇಹಿತರೊಬ್ಬರು ಕೇಳಿದ್ದೂ ಅದನ್ನೇ. ಹಳೆಯದರ ಹಾಗೇ ಇದೆ ಎಂದೆ. ಅವರಿಗೆ ನಿರಾಸೆಯಾಯಿತು. ಈ ಬಿಡುಗಡೆಯಲ್ಲಿ ನಡೆದ ಅತಿ ದೊಡ್ಡ ಕೆಲಸ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ, ಅದು ಗಡಿಯಾರದೊಳಗೆ ನಡೆದದ್ದು ಎಂದು ವಿವರಿಸಲು ಆಗ ಪುರುಸೊತ್ತಿರಲಿಲ್ಲ.

ಡೆಬಿಯನ್ ಹುಟ್ಟಿದ್ದು 1993ರಲ್ಲಿ. ಲಿನಕ್ಸ್ ಎಂಬ ತಿರುಳಿನ ಸುತ್ತ ಸಾವಿರಾರು ತಂತ್ರಾಂಶಗಳನ್ನು ಒಟ್ಟುಮಾಡಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಉಚಿತವಾಗಿ ಹಂಚುವ ಸ್ವಯಂಸೇವಕರ ಕೂಟವಿದು. ಹೆಸರು ಕೇಳದವರೂ ಅದರ ಮಕ್ಕಳನ್ನು ಬಲ್ಲರು, ಉಬುಂಟು ಹುಟ್ಟಿದ್ದು ಇದರಿಂದಲೇ. ಪ್ರತಿ ಆವೃತ್ತಿಗೂ ಟಾಯ್ ಸ್ಟೋರಿ ಸಿನಿಮಾದ ಒಂದು ಪಾತ್ರದ ಹೆಸರು. ಆರಂಭದ ದಿನಗಳಲ್ಲಿ ಯೋಜನೆಯ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಆಗ ಆ ಸಿನಿಮಾ ತಯಾರಿಸಿದ ಪಿಕ್ಸರ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. 13ನೆಯದರ ಹೆಸರು ಟ್ರಿಕ್ಸಿ, ಮೂರು ಕೊಂಬಿನ ನೀಲಿ ಡೈನೋಸಾರ್ ಬೊಂಬೆ. ಎಂದೂ ಬಿಡುಗಡೆಯಾಗದೆ ಸದಾ ಪ್ರಯೋಗದಲ್ಲೇ ಇರುವ ಆವೃತ್ತಿಗೆ ಸಿಡ್ ಎಂದು ಹೆಸರು: ಬೊಂಬೆಗಳ ಕೈಕಾಲು ಮುರಿಯುವ ಪಕ್ಕದ ಮನೆಯ ತುಂಟ.

ಟ್ರಿಕ್ಸಿಯಲ್ಲಿ 69,830 ಪ್ಯಾಕೇಜುಗಳಿವೆ, ಅದರಲ್ಲಿ 14,100 ಹೊಸವು. ಗುಬ್ಬಿ, ನವಿಲು ಎಂಬ ನಮ್ಮ ಕನ್ನಡದ ಫಾಂಟುಗಳೂ ಡೆಬಿಯನ್ನಿನ ಈ ಉಗ್ರಾಣದಲ್ಲಿವೆ. ತಿರುಳು ಲಿನಕ್ಸ್ 6.12. ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರುಗಳಿಗೆ ಇದೇ ಮೊದಲ ಬಾರಿ ಅಧಿಕೃತ ಬೆಂಬಲ ಸಿಕ್ಕಿದೆ. ಇವೆಲ್ಲ ಇರಲಿ, ಗಡಿಯಾರಕ್ಕೆ ಬರೋಣ.

ಲಿನಕ್ಸ್ ಸೇರಿದಂತೆ ಯೂನಿಕ್ಸ್ ಮನೆತನದ ಯಂತ್ರಗಳಿಗೆ ದಿನ, ವಾರ, ತಿಂಗಳು ಯಾವುದೂ ಗೊತ್ತಿಲ್ಲ. ಅವು 1970ರ ಜನವರಿ 1ರ ನಡುರಾತ್ರಿಯಿಂದ, ಗ್ರೀನಿಚ್ ಲೆಕ್ಕದಲ್ಲಿ, ಎಷ್ಟು ಸೆಕೆಂಡ್ ಕಳೆಯಿತು ಎಂದು ಎಣಿಸುತ್ತ ಹೋಗುತ್ತವೆ, ಅಷ್ಟೆ. ನಮಗೆ ಕಾಣುವ ತಾರೀಖು ಆ ಒಂದು ಸಂಖ್ಯೆಯನ್ನು ಬಿಡಿಸಿ ಬರೆದದ್ದು. ಆ ಸಂಖ್ಯೆಗಾಗಿ ಹಿಂದಿನವರು 32 ಮನೆಗಳನ್ನು, ಅಂದರೆ ಬಿಟ್ಟುಗಳನ್ನು, ಮೀಸಲಿಟ್ಟರು. ಪ್ರತಿ ಮನೆಯಲ್ಲೂ ಸೊನ್ನೆ ಅಥವಾ ಒಂದು. ಒಂದು ಮನೆ ಪ್ಲಸ್ಸೋ ಮೈನಸ್ಸೋ ಎಂದು ಹೇಳುವುದಕ್ಕೆ ಹೋಯಿತು. ಉಳಿದ 31 ಮನೆಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214 ಕೋಟಿ 74 ಲಕ್ಷ 83 ಸಾವಿರದ 647. ಅಷ್ಟು ಸೆಕೆಂಡ್ ತುಂಬುವುದು 2038ರ ಜನವರಿ 19ರಂದು, ನಮ್ಮಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ.

ಹಳೆಯ ಸ್ಕೂಟರಿನ ಮೀಟರು 99999 ದಾಟಿ ಸೊನ್ನೆಗೆ ತಿರುಗುವುದನ್ನು ಕಂಡವರಿಗೆ ಮುಂದಿನದು ಅರ್ಧ ಗೊತ್ತು. ಇಲ್ಲಿ ಮೀಟರು ಸೊನ್ನೆಗೂ ನಿಲ್ಲುವುದಿಲ್ಲ. 31 ಮನೆಗಳೂ ತುಂಬಿದ ಮೇಲೆ ದಶಕ ಹೋಗಿ ಬೀಳುವುದು ಪ್ಲಸ್-ಮೈನಸ್ಸಿನ ಮನೆಗೆ. ಯಂತ್ರ ಒಂದೇ ಸೆಕೆಂಡಿನಲ್ಲಿ, ಗ್ರೀನಿಚ್ ಲೆಕ್ಕದ 1901ರ ಡಿಸೆಂಬರ್ 13ಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಇನ್ನೂ ಹತ್ತು ಹನ್ನೆರಡು ವರ್ಷ ಇದೆಯಲ್ಲ ಎನ್ನುವಂತಿಲ್ಲ. ಇಂದು ಬರೆಸಿದ 20 ವರ್ಷದ ಗೃಹಸಾಲದ ಕೊನೆಯ ಕಂತು ಆಗಲೇ ಆ ಗೆರೆಯ ಆಚೆಗಿದೆ.

ನಮ್ಮ ಈಗಿನ ಲ್ಯಾಪ್‌ಟಾಪುಗಳು 64-ಬಿಟ್, ಅವುಗಳ ಎಣಿಕೆಗೆ ಸುಮಾರು 29,200 ಕೋಟಿ ವರ್ಷ ಜಾಗವಿದೆ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ. ತೊಂದರೆ ಇರುವುದು ಅಗ್ಗದ 32-ಬಿಟ್ ಚಿಪ್ಪುಗಳಲ್ಲಿ. ಗೋಡೆಗೆ, ಕಾರ್ಖಾನೆಗೆ, ವಾಹನಕ್ಕೆ ಒಮ್ಮೆ ಜೋಡಿಸಿದರೆ ಹದಿನೈದು ವರ್ಷ ಯಾರೂ ತಿರುಗಿ ನೋಡದ ಪೆಟ್ಟಿಗೆಗಳವು. ಇಂದು ಕೂರಿಸಿದ್ದು 2038ರಲ್ಲಿ ಅಲ್ಲೇ ಇರುತ್ತದೆ.

ಹಾಗಾದರೆ 32ನ್ನು 64 ಮಾಡಿದರಾಯಿತು ಅನ್ನಿಸುತ್ತದೆ. ಒಂದು ಅರ್ಜಿ ನಮೂನೆಯನ್ನು ಊಹಿಸಿಕೊಳ್ಳಿ. ತಾರೀಖಿಗೆ ನಾಲ್ಕು ಚೌಕ, ಅದರ ಪಕ್ಕದಲ್ಲೇ ಪಿನ್‌ಕೋಡ್. ತುಂಬುವವನು ಹೊಸ ನಮೂನೆಯಂತೆ ತಾರೀಖಿಗೆ ಎಂಟು ಚೌಕ ಬಳಸಿದ, ಓದುವ ಗುಮಾಸ್ತ ಹಳೆಯ ನಮೂನೆಯಂತೆ ನಾಲ್ಕನ್ನೇ ಎಣಿಸಿದ. ಉಳಿದ ತಾರೀಖನ್ನು ಪಿನ್‌ಕೋಡ್ ಎಂದು ಓದಿಕೊಂಡು ಕಾಗದವನ್ನು ಯಾವುದೋ ಊರಿಗೆ ಕಳಿಸುತ್ತಾನೆ. ತಪ್ಪು ಆಯಿತೆಂದು ಅವನಿಗೂ ಗೊತ್ತಾಗುವುದಿಲ್ಲ. ತಂತ್ರಾಂಶಗಳು ಲೈಬ್ರರಿಗಳೊಂದಿಗೆ, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ತುಣುಕುಗಳೊಂದಿಗೆ, ಮಾತಾಡುವುದು ಇದೇ ರೀತಿ ಚೌಕ ಎಣಿಸಿ. ಆದ್ದರಿಂದ ಒಂದನ್ನು ಬದಲಿಸಿದರೆ ಅದನ್ನು ಮುಟ್ಟುವ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು.

ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ವ್ಯವಸ್ಥೆ 2014ರಲ್ಲೇ ಇದನ್ನು ಮುಗಿಸಿತ್ತು. ಸಣ್ಣ ಕುಟುಂಬ, ಹಳೆಯ ತಂತ್ರಾಂಶ ಮುರಿದರೆ ಮುರಿಯಲಿ ಎನ್ನುವ ಗಟ್ಟಿ ಮನಸ್ಸು. ಲಿನಕ್ಸಿನಲ್ಲಿ ತಿರುಳು ಒಬ್ಬರದು, ಮೂಲ ಲೈಬ್ರರಿ ಇನ್ನೊಬ್ಬರದು, ಮೇಲಿನ ಹತ್ತಾರು ಸಾವಿರ ಪ್ಯಾಕೇಜು ಊರಿನವರದು. ತಿರುಳು 2020ರಲ್ಲಿ ಸಿದ್ಧವಾಯಿತು, ಮೂಲ ಲೈಬ್ರರಿ 2021ರಲ್ಲಿ. ಡೆಬಿಯನ್ನಿನ ಸರದಿ ಆಮೇಲೆ. 2023ರಲ್ಲಿ ಡೆಬಿಯನ್ ಕೂಟದ ಸ್ಟೀವ್ ಲಂಗಾಸೆಕ್ ಯೋಜನೆ ಮುಂದಿಟ್ಟರು. ಹಳತು ಹೊಸತು ಬೆರೆಯದಿರಲೆಂದು ನೂರಾರು ಲೈಬ್ರರಿಗಳ ಹೆಸರಿನ ಕೊನೆಗೆ ಟಿ64 ಎಂಬ ಬಾಲ ಕಟ್ಟಿ, ಅವುಗಳನ್ನು ನೆಚ್ಚಿದ ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಬೇಕಿತ್ತು. 2024ರ ಆರಂಭದಲ್ಲಿ ಕೆಲಸ ಹಿಡಿಯಿತು.

ಆ ಗಲಾಟೆಯ ನಟ್ಟನಡುವೆ ಇನ್ನೊಂದು ನಡೆಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಡೇಟಾಬೇಸ್ ತಂತ್ರಜ್ಞರು ಡೆಬಿಯನ್ ಸಿಡ್‌ನಲ್ಲಿ ಏನೋ ವೇಗ ಅಳೆಯುತ್ತಿದ್ದರು. ದೂರದಿಂದ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಬೇರೆಯವರಾದರೆ ಕಾಫಿಗೆ ಎದ್ದು ಹೋಗುತ್ತಿದ್ದರು. ಇವರು ಬೆನ್ನುಹತ್ತಿದರು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಾಧಾರಣ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಸುಳ್ಳು ಹೆಸರಿನಲ್ಲಿ ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ್ದ ವ್ಯಕ್ತಿಯದು ಆ ಕೈವಾಡ. ಮಾರ್ಚ್ 29ರಂದು ಸುದ್ದಿ ಹೊರಬಿತ್ತು. ಪ್ಯಾಕೇಜು ಕಟ್ಟುವ ಯಂತ್ರಗಳನ್ನೇ ಡೆಬಿಯನ್ ತಡೆದು ತಪಾಸಣೆ ಮಾಡಬೇಕಾಯಿತು, ಗಡಿಯಾರದ ಕೆಲಸ ಅಷ್ಟು ಕಾಲ ನಿಂತಿತು. ಬಳಕೆದಾರರ ಕೈಯಲ್ಲಿದ್ದ ಸ್ಥಿರ ಆವೃತ್ತಿಗೆ, ಅಂದರೆ ಡೆಬಿಯನ್ 12ಕ್ಕೆ, ಆ ವಿಷ ತಲುಪಿರಲಿಲ್ಲ. ಡೆಬಿಯನ್ ನಿಧಾನ ಎಂದು ಗೊಣಗುವವರಲ್ಲಿ ನಾನೂ ಒಬ್ಬ. ಅಂದು ಬಾಯಿ ಮುಚ್ಚಿಕೊಂಡಿದ್ದೆ.

ಬಿಡುಗಡೆಗೆ ಮುಂಚೆ ಇವರು ಮಾಡುವ ಒಂದು ಕ್ರಮಕ್ಕೆ ಫ್ರೀಜ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೆಪ್ಪು ಹಾಕುವುದು. ಹೆಪ್ಪಿಟ್ಟ ಗಡಿಗೆಯನ್ನು ಯಾರೂ ಅಲುಗಿಸುವುದಿಲ್ಲ, ಹೊಸ ಹಾಲು ಸುರಿಯುವುದಿಲ್ಲ. 2025ರ ಮಾರ್ಚಿನಲ್ಲಿ ಹೆಪ್ಪು ಬಿತ್ತು, ಅಲ್ಲಿಂದ ಹಂತಹಂತವಾಗಿ ಬಿಗಿ. ಹೊಸತನ ನಿಲ್ಲಿಸಿ ಐದು ತಿಂಗಳು ದೋಷ ಹೆಕ್ಕುವುದೇ ಕೆಲಸ. ಲಂಗಾಸೆಕ್ ಅದನ್ನು ನೋಡಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅವರು ತೀರಿಕೊಂಡಿದ್ದರು.

ಒಂದು ಬಗೆಯ ಯಂತ್ರವನ್ನು ಮಾತ್ರ ಹಳೆಯ ಗಡಿಯಾರದೊಂದಿಗೇ ಬಿಟ್ಟರು: 32-ಬಿಟ್ ಇಂಟೆಲ್. ಅದನ್ನು ಇಂದಿಗೂ ಉಳಿಸಿಕೊಂಡಿರುವುದೇ ಹಳೆಯ ತಂತ್ರಾಂಶಗಳು ಓಡಲೆಂದು, ಚೌಕ ಬದಲಿಸಿದರೆ ಅವೇ ಓಡುವುದಿಲ್ಲ. ಟ್ರಿಕ್ಸಿಯಲ್ಲಿ ಅದಕ್ಕೆ ಪ್ರತ್ಯೇಕ ತಿರುಳೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ನಮ್ಮ ಅಟ್ಟದ ಮೇಲೆ ಅಂಥದ್ದೊಂದು ಪುಟ್ಟ ಲ್ಯಾಪ್‌ಟಾಪ್ ಇದೆ. ಡೆಬಿಯನ್ 12ರಲ್ಲೇ ಅದರ ಆಯಸ್ಸು ಮುಗಿಯಬೇಕು. ಎಸೆಯಲು ಮನಸ್ಸಿಲ್ಲ.

ಅದರ ಬದಲು ಇಸ್ಪೀಟೆಲೆಯಷ್ಟು ಅಗಲದ, ಇಂಟೆಲ್ ಅಲ್ಲದ ಒಂದು ಅಗ್ಗದ ಬೋರ್ಡಿಗೆ 32-ಬಿಟ್ ಟ್ರಿಕ್ಸಿ ಹಾಕಿದೆ. ತಾರೀಖು ಬಿಡಿಸಿ ಹೇಳುವ ಆದೇಶಕ್ಕೆ 2147483647 ಕೊಟ್ಟೆ. 2038, ಜನವರಿ 19, ಮಂಗಳವಾರ, 8:44:07 ಎಂದಿತು. ಕೊನೆಯ ಏಳನ್ನು ಎಂಟು ಮಾಡಿ ಮತ್ತೆ ಕೇಳಿದೆ. 8:44:08.