ಹಾನ್ಲೆಯ ಕತ್ತಲಲ್ಲಿ ಕ್ಯಾಮೆರಾ ಪಾಠ

ಲಡಾಖ್‌ನ ಹಾನ್ಲೆಯಲ್ಲಿ ರಾತ್ರಿ ಆಕಾಶದ ಫೋಟೊ ತೆಗೆಯುವುದನ್ನು ಕಲಿಸುವ ಶಿಬಿರದ ಮೊದಲ ಪಾಠ ನಡೆದದ್ದು ಮಟಮಟ ಮಧ್ಯಾಹ್ನ, ಕಣ್ಣು ಮುಚ್ಚಿಕೊಂಡು. ಶಟರ್ ವೇಗದ ಚಕ್ರ ಯಾವುದು, ಐಎಸ್‌ಒ ಗುಂಡಿ ಎಲ್ಲಿದೆ, ಟ್ರೈಪಾಡಿನ ತಿರುಪು ಯಾವ ಕಡೆಗೆ ಸಡಿಲವಾಗುತ್ತದೆ, ಎಲ್ಲವನ್ನೂ ಬೆರಳೇ ಹುಡುಕಬೇಕು. ದುಬಾರಿ ಕ್ಯಾಮೆರಾ ಹಿಡಿದ ಬೆಂಗಳೂರಿನ ಟೆಕ್ಕಿಯೊಬ್ಬರು ತಡಕಾಡುತ್ತಿದ್ದರೆ, ಹೇಳಿಕೊಡುತ್ತಿದ್ದ ಹೆಣ್ಣುಮಗಳು ನಗು ತಡೆದುಕೊಂಡು ಹಿಂದಿಯಲ್ಲಿ ಕೇಳಿದರು: “ಸರ್, ಇದು ನಿಮ್ಮದೇ ಕ್ಯಾಮೆರಾ ತಾನೇ?”

ಆಕೆ ಇದೇ ಊರಿನವರು, ಹೋಮ್‌ಸ್ಟೇ ನಡೆಸುತ್ತಾರೆ. ಹಾನ್ಲೆಯ ಸುತ್ತಲಿನ 1,073 ಚದರ ಕಿ.ಮೀ. ಪ್ರದೇಶ 2022ರ ಡಿಸೆಂಬರ್‌ನಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವಾಯಿತು. ಆಗ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಊರವರನ್ನೇ ಆಯ್ದು, ದೂರದರ್ಶಕ ಕೊಟ್ಟು, ಆಕಾಶದ ರಾಯಭಾರಿಗಳನ್ನಾಗಿ ತಯಾರು ಮಾಡಿತು. ಆಕೆಯೂ ಅವರಲ್ಲಿ ಒಬ್ಬರು. ಕ್ಯಾಮೆರಾ ಮಾತ್ರ ಅತಿಥಿಗಳ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದು. ಮೇಲಿನ ಗುಡ್ಡದಲ್ಲಿ, 4,500 ಮೀಟರ್ ಎತ್ತರದಲ್ಲಿ, ಇದೇ ಸಂಸ್ಥೆಯ ಎರಡು ಮೀಟರ್ ವ್ಯಾಸದ ‘ಚಂದ್ರ’ ಹೆಸರಿನ ದೂರದರ್ಶಕವಿದೆ. ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು. ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಆಂಗ್‌ಚುಕ್ ತೆಗೆದ ಚಿತ್ರಗಳು ದೇಶವೆಲ್ಲ ಹರಿದಾಡಿದ ಮೇಲೆ ಕ್ಯಾಮೆರಾದವರ ದಂಡು ಇತ್ತ ತಿರುಗಿತು.

ಆಕೆಯ ಜೇಬಿನಲ್ಲಿ ಸದಾ ಒಂದು ಕಪ್ಪು ಇನ್ಸುಲೇಷನ್ ಟೇಪಿನ ಸುರುಳಿ. ಕ್ಯಾಮೆರಾದ ಮಿಣುಕು ದೀಪಕ್ಕೆ ಮೊದಲ ತುಂಡು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಕೆಡಲು ಒಂದು ಬಿಳಿ ಟಾರ್ಚ್ ಸಾಕು. ಹಾಗಾಗಿ ಟಾರ್ಚಿಗೂ ಕೆಂಪು ಹಾಳೆ ಸುತ್ತಿ ಟೇಪು. ಮೂರನೆಯ ತುಂಡೇ ಮುಖ್ಯ, ಅದು ಫೋಕಸ್ ಉಂಗುರಕ್ಕೆ. ಲೆನ್ಸಿನ ಮೇಲಿರುವ ಅನಂತದ ಗುರುತನ್ನು ಆಕೆ ನಂಬುವುದಿಲ್ಲ. ನೆತ್ತಿಯ ಹತ್ತಿರದ ಅಭಿಜಿತ್ ನಕ್ಷತ್ರವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಉಂಗುರ ತಿರುಗಿಸುತ್ತಾರೆ. ಮಸುಕಾದ ಬಿಲ್ಲೆಯಂಥ ಬೆಳಕು ಕುಗ್ಗುತ್ತ ಕುಗ್ಗುತ್ತ ಚುಕ್ಕೆಯಾಗುತ್ತದೆ. ಕೂದಲೆಳೆಯಷ್ಟು ದಾಟಿದರೆ ಮತ್ತೆ ಊದಿಕೊಳ್ಳುತ್ತದೆ. ಬೇಕೆಂದೇ ಒಮ್ಮೆ ದಾಟಿಸಿ, ಹಿಂದೆ ತಂದು, ಉಸಿರು ಬಿಗಿಹಿಡಿದು ಟೇಪು ಒತ್ತುತ್ತಾರೆ. ಚಳಿ ಏರಿದಂತೆ ಫೋಕಸ್ ಕೂಡ ಜರುಗುತ್ತದಂತೆ, ನಡುರಾತ್ರಿ ಇನ್ನೊಮ್ಮೆ ಪರೀಕ್ಷೆ.

ಉಳಿದದ್ದು ಬೇಗ ಮುಗಿಯಿತು. 20 ಮಿ.ಮೀ. ಲೆನ್ಸಾದರೆ 500ನ್ನು 20ರಿಂದ ಭಾಗಿಸಿ 25 ಸೆಕೆಂಡು. ಅದಕ್ಕೂ ಹೆಚ್ಚು ತೆರೆದಿಟ್ಟರೆ ನಕ್ಷತ್ರ ಗೆರೆಯಾಗುತ್ತದೆ. ಹೊಸ ಕ್ಯಾಮೆರಾಗಳಿಗೆ ಇದಕ್ಕಿಂತ ಕಡಿಮೆಯೇ ಒಳ್ಳೆಯದು. ಕತ್ತಲಲ್ಲಿ ಪರದೆ ಎಲ್ಲವನ್ನೂ ಬೆಳಗಿಸಿ ತೋರಿಸುತ್ತದೆ, ಹಿಸ್ಟೋಗ್ರಾಮ್ ನೋಡಿ. ಬ್ಯಾಟರಿ ಒಳಂಗಿಯ ಜೇಬಿನಲ್ಲಿರಲಿ. ಬೆಟ್ಟ, ಗೊಂಪಾಗಳ ಚಿತ್ರವನ್ನು ಮುಸ್ಸಂಜೆಯಲ್ಲೇ ತೆಗೆದು, ಟ್ರೈಪಾಡ್ ಅಲುಗಿಸದೆ ಕತ್ತಲಿಗೆ ಕಾದು, ಆಮೇಲೆ ಎರಡನ್ನೂ ಸೇರಿಸಬಹುದು. ಎಲ್ಲಿಯದೋ ಹಾಲುಹಾದಿಯನ್ನು ತಂದು ಗುಡಿಯ ಮೇಲೆ ಅಂಟಿಸುವವರ ಬಗ್ಗೆ ಆಕೆ ಏನೂ ಹೇಳಲಿಲ್ಲ. ನನಗಂತೂ ಅದು ಫೋಟೊ ಅಲ್ಲ.

ಧ್ರುವ ನಕ್ಷತ್ರ ಹಾನ್ಲೆಯಲ್ಲಿ ದಿಗಂತದಿಂದ 33 ಡಿಗ್ರಿ ಮೇಲಿದೆ, ಬೆಂಗಳೂರಿನಲ್ಲಿ ಬರೀ 13. ನಕ್ಷತ್ರಗಳ ದೊಡ್ಡ ದೊಡ್ಡ ಸುತ್ತುಗಳು ಪೂರ್ತಿ ಸಿಗಬೇಕಾದರೆ ಇಲ್ಲಿಗೇ ಬರಬೇಕು. ಆದರೆ ಧನು ರಾಶಿಯ ಕಡೆಗಿರುವ ಹಾಲುಹಾದಿಯ ನಡುಭಾಗ ಇಲ್ಲಿ 28 ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ 48 ಡಿಗ್ರಿಯವರೆಗೆ ಏರುತ್ತದೆ. ಕಾಣುವುದಿಲ್ಲ, ಅಷ್ಟೆ.

ಹಾನ್ಲೆಯಲ್ಲೂ ಚಿಂತೆ ಇಲ್ಲದಿಲ್ಲ. ಕಿಟಕಿಗೆ ದಪ್ಪ ಪರದೆ, ವಾಹನಕ್ಕೆ ಮಂದ ದೀಪ ಎಂಬ ನಿಯಮಗಳನ್ನು ಊರವರು ಪಾಲಿಸುತ್ತಾರೆ. ಕತ್ತಲು ನೋಡಲೆಂದೇ ಬರುವ ಪ್ರವಾಸಿಗರ ಕಾರುಗಳೇ ಹೈಬೀಮ್ ಹಾಕಿಕೊಂಡು ಬರುತ್ತವೆ. ಒಂದು ಹೆಡ್‌ಲೈಟ್ ಹಾದುಹೋದರೆ ಅಲ್ಲಿದ್ದವರೆಲ್ಲರ 25 ಸೆಕೆಂಡು ಹಾಳು.

ಕೊನೆಯ ರಾತ್ರಿ ಚಹಾ ಕುಡಿಯುತ್ತ ಕನ್ನಡದವರು ನಾಲ್ಕೈದು ಮಂದಿ ಸೇರಿ, ಊರಿಗೆ ಮರಳಿ ಎಲ್ಲಿ ಅಭ್ಯಾಸ ಮಾಡುವುದೆಂದು ಪಟ್ಟಿ ಮಾಡತೊಡಗಿದೆವು. ಒಬ್ಬರು ಶಿರಾದಾಚೆಗಿನ ಅಜ್ಜಿಯ ಊರು ಎಂದರು, ಇನ್ನೊಬ್ಬರು ಕೊಪ್ಪದ ಹತ್ತಿರದ ತೋಟ. ಅಜ್ಜಿಯ ಊರಿನವರು ಅಲ್ಲೇ ತಮ್ಮನಿಗೆ ಫೋನ್ ಮಾಡಿದರು. ಕೆರೆ ಏರಿಯ ಮೇಲೆ ಹೋದ ವರ್ಷವೇ ಹೈಮಾಸ್ಟ್ ದೀಪ ಬಂದಿದೆ, ಊರವರಿಗೆಲ್ಲ ಬಹಳ ಖುಷಿ ಎಂದನಂತೆ.