ಒಂಟೆಯೂ ಮರುಭೂಮಿಯ ಬಿಸಿಲೂ

ಒಂಟೆಗೆ ಮರುಭೂಮಿಯ ಹಡಗೆಂಬ ಬಿರುದು ಬಹುಕಾಲದಿಂದ ಸಂದಿದೆ. ಅದರ ಡುಬ್ಬದಲ್ಲಿ ನೀರು ತುಂಬಿದೆ, ಹೊಟ್ಟೆಯಲ್ಲಿ ನೀರಿನ ಚೀಲವಿದೆ ಎಂಬ ನಂಬಿಕೆಯೂ ಅಷ್ಟೇ ಹಳೆಯದು. ಬಿರುದು ಒಪ್ಪತಕ್ಕದ್ದೇ, ನಂಬಿಕೆ ಮಾತ್ರ ನಿಜವಲ್ಲ. ಡುಬ್ಬದಲ್ಲಿರುವುದು ಕೊಬ್ಬು. ಹೊಟ್ಟೆಯಲ್ಲಿ ನೀರಿಗಾಗಿಯೇ ಮೀಸಲಾದ ಚೀಲವೂ ಇಲ್ಲ. ಹಾಗಾದರೆ ನೆರಳಿಲ್ಲದ ಆ ನಾಡಿನಲ್ಲಿ ಒಂಟೆಯು ದಿನಗಟ್ಟಲೆ ನೀರಿಲ್ಲದೆ ಬಾಳುವುದು ಹೇಗೆ?

ಈ ಪ್ರಶ್ನೆಯನ್ನು ಹಿಡಿದು, ಶ್ಮಿಟ್-ನೀಲ್ಸೆನ್ ಎಂಬ ಪ್ರಾಣಿಶಾಸ್ತ್ರಜ್ಞರು 1953ರಲ್ಲಿ ಸಹಾರಾ ಮರುಭೂಮಿಯ ಬೆನಿ ಅಬ್ಬೆಸ್ ಎಂಬ ಊರಿಗೆ ಹೋಗಿ, ಅಲ್ಲಿನ ಒಂಟೆಗಳನ್ನು ಪರೀಕ್ಷಿಸಿದರು. ಒಂಟೆಯ ಗುಟ್ಟು ನೀರಿನ ಸಂಗ್ರಹದಲ್ಲಿಲ್ಲ, ಮಿತವ್ಯಯದಲ್ಲಿದೆ ಎಂಬುದು ಅವರ ಶೋಧನೆಯಿಂದ ಸ್ಪಷ್ಟವಾಯಿತು.

ನಮ್ಮ ದೇಹದ ಶಾಖವು ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ನಿಲ್ಲಬೇಕು. ಸ್ವಲ್ಪ ಏರಿದರೂ ಬೆವರುತ್ತೇವೆ. ಬೆವರು ಆರುವಾಗ ಶಾಖವನ್ನು ಒಯ್ಯುತ್ತದೆ. ಏರ್ಪಾಡು ಒಳ್ಳೆಯದೇ, ಆದರೆ ಅದರ ಬೆಲೆಯನ್ನು ನೀರಿನಲ್ಲಿ ತೆರಬೇಕು. ಬಾಯಾರಿದ ಒಂಟೆಯಾದರೋ ಅಷ್ಟು ಬೇಗ ಬೆವರುವುದಿಲ್ಲ. ಬೆಳಗಿನ ಜಾವದಲ್ಲಿ 34 ಡಿಗ್ರಿಯಷ್ಟಿದ್ದ ಅದರ ಮೈ ಹಗಲೆಲ್ಲ ಕಾದು 40 ಡಿಗ್ರಿಯನ್ನು ಮುಟ್ಟುವುದು. ಹಗಲಿನಲ್ಲಿ ಪಡೆದ ಈ ಶಾಖದ ಸಾಲವನ್ನು ಒಂಟೆಯು ರಾತ್ರಿಯ ತಂಪಿಗೆ ತೀರಿಸುತ್ತದೆ. 500 ಕಿಲೋಗ್ರಾಂ ತೂಕದ ಒಂಟೆಗೆ ಇದರಿಂದ ದಿನಕ್ಕೆ ಸುಮಾರು 5 ಲೀಟರು ನೀರು ಉಳಿಯುವುದು. ಬೇಕಾದಷ್ಟು ನೀರು ದೊರೆತ ದಿನಗಳಲ್ಲಿ ಈ ಏರಿಳಿತವು ಸುಮಾರು 2 ಡಿಗ್ರಿಗೆ ಇಳಿಯುತ್ತದೆ.

ಬೆನ್ನ ಮೇಲಿನ ದಟ್ಟವಾದ ಉಣ್ಣೆಯೂ ಬಿಸಿಲಿಗೆ ತಡೆ. ಉಣ್ಣೆಯನ್ನು ಕತ್ತರಿಸಿದ ಒಂಟೆಯು ಕತ್ತರಿಸದ ಒಂಟೆಗಿಂತ ಒಂದೂವರೆಯಷ್ಟು ನೀರನ್ನು ಕಳೆದುಕೊಂಡಿತು.

ಇನ್ನು ರಕ್ತದ ಮಾತು. ನೀರು ಕಡಮೆಯಾದಂತೆ ಮನುಷ್ಯನ ರಕ್ತವು ಮಂದವಾಗಿ, ಒಳಗಿನ ಶಾಖವನ್ನು ಚರ್ಮದವರೆಗೆ ಸಾಗಿಸಲಾರದೆ ಹೋಗುತ್ತದೆ. ಬಿಸಿಲಿನಲ್ಲಿ ತೂಕದ ಸುಮಾರು ಎಂಟನೆಯ ಒಂದು ಪಾಲು ನೀರು ಹೋದರೆ ಸಾವು ಬರುವುದು ಹೀಗೆಯೇ. ಒಂಟೆಯಲ್ಲಿ ನಷ್ಟದ ಹೆಚ್ಚಿನ ಭಾಗವನ್ನು ಇತರ ಅಂಗಾಂಶಗಳು ಹೊರುತ್ತವೆ. ರಕ್ತ ಅಷ್ಟಾಗಿ ಬತ್ತುವುದಿಲ್ಲ. ಆದಕಾರಣ ಅದು ನಾಲ್ಕನೆಯ ಒಂದು ಪಾಲನ್ನು ಕಳೆದುಕೊಂಡೂ ಬದುಕಬಲ್ಲದು. ಬಾವಿಯನ್ನು ಸೇರಿದೊಡನೆ ಹತ್ತು ನಿಮಿಷಗಳಲ್ಲಿ 100 ಲೀಟರು ಕುಡಿಯುವುದೂ ಉಂಟು. ನಾವು ಕಾಣುವ ಆ ಕುಡಿತವು ಮುಂದಿನ ದಾರಿಗೆ ಕಟ್ಟಿಕೊಳ್ಳುವ ಬುತ್ತಿಯಲ್ಲ. ಹಿಂದೆ ಆದ ನಷ್ಟದ ಭರ್ತಿ.

ಈ ಭೇದವನ್ನು ತಿಳಿಯುವುದು ಬರಿಯ ಕುತೂಹಲದ ವಿಷಯವಲ್ಲ. ಒಂಟೆಯು ಏನನ್ನಾದರೂ ಸಹಿಸುವುದೆಂದು ಬಗೆದವರು ಅದನ್ನು ಕೊಂದಿದ್ದಾರೆ. 1878ರಿಂದ 1880ರವರೆಗೆ ನಡೆದ ಎರಡನೆಯ ಆಫ್ಘನ್ ಯುದ್ಧದಲ್ಲಿ ಅತಿಭಾರದಿಂದಲೂ ಮೇವಿನ ಅಭಾವದಿಂದಲೂ ಸತ್ತ ಒಂಟೆಗಳು ಹತ್ತಾರು ಸಾವಿರ. ಒಂಟೆಯ ಸಹನೆ ದೊಡ್ಡದು. ಆದರೆ ಅದಕ್ಕೂ ಒಂದು ಎಲ್ಲೆಯುಂಟು. ಮೂಕಪ್ರಾಣಿಯು ಆ ಎಲ್ಲೆಯನ್ನು ಬಾಯಿಬಿಟ್ಟು ಹೇಳಲಾರದು; ಅದನ್ನು ಅರಿತು ನಡೆಯಿಸುವ ಹೊಣೆ ಮೂಗುದಾರ ಹಿಡಿದವನದು.