ಏರಿಳಿಯುವ ಯಂತ್ರ, ಏರಿಳಿಯದ ಭರವಸೆ

"ಬಿಟ್‌ಕಾಯಿನ್ ಗಣಿಗಾರಿಕೆಯಲ್ಲಿ ಹಣ ಹೂಡಿ, ದಿನಾಲೂ ನಿಗದಿತ ಲಾಭ ಪಡೆಯಿರಿ" ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಬಳೆ ಅಡವಿಟ್ಟಾದರೂ ಸೇರೋಣ ಎಂದು ಮನೆಯಲ್ಲಿ ಯಾರೋ ಒತ್ತಾಯಿಸುತ್ತಿರಬಹುದು. ಹಣ ಕೊಡುವ ಮುನ್ನ ಆ ಗಣಿ ಎಂದರೇನೆಂದು ಸ್ವಲ್ಪ ತಿಳಿದುಕೊಳ್ಳಿ.

ಇಲ್ಲಿ ಯಾರೂ ಮಣ್ಣು ಅಗೆಯುವುದಿಲ್ಲ. ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳು ಹಗಲಿರುಳು ಲೆಕ್ಕ ಹಾಕುತ್ತಾ ಪೈಪೋಟಿ ನಡೆಸುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಗೆದ್ದವರಿಗೆ ಬಹುಮಾನವಾಗಿ ಬಿಟ್‌ಕಾಯಿನ್ ಸಿಗುತ್ತದೆ. 2016ರಲ್ಲಿ ಬಂದ ಆಂಟ್‌ಮೈನರ್ ಎಸ್9 ಎಂಬ ಯಂತ್ರ ಸೆಕೆಂಡಿಗೆ ಸುಮಾರು 13.5 ಲಕ್ಷ ಕೋಟಿ ಬಾರಿ ಲೆಕ್ಕ ಹಾಕಬಲ್ಲದು.

ಅದನ್ನು ನಂಜನಗೂಡಿನ ಒಂದು ಮನೆಯಲ್ಲಿ ಇಟ್ಟೆವೆಂದುಕೊಳ್ಳಿ. ದಿನಕ್ಕೆ ಸುಮಾರು 31 ಯೂನಿಟ್ ವಿದ್ಯುತ್ ಬೇಕು. ಗೃಹಜ್ಯೋತಿಯ 200 ಯೂನಿಟ್ ಮಿತಿ ಏಳನೇ ದಿನವೇ ದಾಟುತ್ತದೆ! ಸುತ್ತಲಿನ ಗಾಳಿ 40 ಡಿಗ್ರಿಗಿಂತ ಬಿಸಿಯಾಗಬಾರದು. ಆದರೆ ಯಂತ್ರವೇ ಒಲೆಯಂತೆ ಬಿಸಿ ಕಾರುತ್ತದೆ. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೋಣೆ ಹೇಗಿರುತ್ತದೆಂದು ನಿಮಗೇ ಗೊತ್ತು. ಕಾವು ಏರಿದರೆ, ಫ್ಯಾನಿಗೆ ಧೂಳು ಕಟ್ಟಿದರೆ, ವೋಲ್ಟೇಜ್ ಇಳಿದರೆ ವೇಗ ಕುಸಿಯುತ್ತದೆ ಅಥವಾ ಯಂತ್ರ ನಿಂತೇ ಹೋಗುತ್ತದೆ. ಒಳಗಿನ ಮೂರು ಹಲಗೆಗಳಲ್ಲಿ ಒಂದು ಕೆಟ್ಟರೆ ದುಡಿಮೆಯ ಮೂರನೇ ಒಂದು ಪಾಲು ಹೋಯಿತು.

ಯಂತ್ರ ಚೆನ್ನಾಗಿದ್ದರೂ ಗಳಿಕೆ ಒಂದೇ ಸಮ ಇರುವುದಿಲ್ಲ. ಪೈಪೋಟಿ ಹೆಚ್ಚಿದಂತೆ, ಎರಡು ವಾರಕ್ಕೊಮ್ಮೆ ಲೆಕ್ಕವೂ ಕಠಿಣವಾಗುತ್ತದೆ. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಬಹುಮಾನ ಅರ್ಧವಾಗುತ್ತದೆ. 2009ರಲ್ಲಿ 50 ಬಿಟ್‌ಕಾಯಿನ್ ಇದ್ದದ್ದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಬಿಟ್‌ಕಾಯಿನ್‌ನ ಬೆಲೆಯ ಏರಿಳಿತ ಬೇರೆ.

ಬೇಸಾಯದ ಮನೆಯವರಿಗೆ ಇದು ಹೊಸ ಮಾತಲ್ಲ. ವಯನಾಡಿನಲ್ಲಿ ಮಳೆಯಾದರೆ ಕಪಿಲೆ ತುಂಬಿ ಹರಿಯುತ್ತಾಳೆ, ಇಲ್ಲದಿದ್ದರೆ ಸೊರಗುತ್ತಾಳೆ. ಪ್ರತಿ ವರ್ಷ ಇಷ್ಟೇ ಮೂಟೆ ಭತ್ತ ಬರುತ್ತದೆಂದು ಟಿ. ನರಸೀಪುರದ ಯಾವ ರೈತ ತಾನೇ ಬರೆದುಕೊಟ್ಟಾನು? ಅಲ್ಲಿ ಕಪಿಲೆಯನ್ನು ಕೂಡಿಸಿಕೊಂಡ ಕಾವೇರಿ ಮುಂದೆ ಶಿವನಸಮುದ್ರಕ್ಕೆ ಹರಿಯುತ್ತದೆ. 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚೇ ಹೆಚ್ಚಾದಾಗ, 2001ರಲ್ಲಿ ಆ ಗಣಿಯೂ ಮುಚ್ಚಿತು.

ನಿಜವಾದ ಗಣಿಯ ಗತಿಯೇ ಹೀಗಿರುವಾಗ ನಿಗದಿತ ಲಾಭ ಎಲ್ಲಿಂದ ಬರಬೇಕು? ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ 18 ತಿಂಗಳ ಕಾಲ ತಿಂಗಳಿಗೆ ಶೇ. 10ರಷ್ಟು ಬಿಟ್‌ಕಾಯಿನ್ ಕೊಡುತ್ತೇವೆಂದಿತು. ಹೊಸಬರು ಸೇರುವುದು ಕಡಿಮೆಯಾದಾಗ, ಬೆಲೆಯಿಲ್ಲದ ತನ್ನದೇ ನಾಣ್ಯವನ್ನು ಹೂಡಿಕೆದಾರರ ಕೈಗಿತ್ತಿತು. 2025ರ ಫೆಬ್ರವರಿಯಲ್ಲಿ ಸಿಬಿಐ ಈ ಪ್ರಕರಣದಲ್ಲಿ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಶೋಧ ನಡೆಸಿತು. 2019ರ ಐಎಂಎ ಹಗರಣದಲ್ಲಿ 'ಹಲಾಲ್' ಎಂಬ ಮಾತನ್ನು ನಂಬಿ ಎಷ್ಟು ಮನೆಗಳು ಬರಿದಾದವೆಂಬುದನ್ನು ನಾವು ಮರೆಯುವಂತಿಲ್ಲ.

ಪಾಲುದಾರಿಕೆ ಎಂದ ಮೇಲೆ ಲಾಭವೂ ಉಂಟು, ನಷ್ಟವೂ ಉಂಟು. ಆದ್ದರಿಂದ ಸಹೋದರಿಯರೇ, ಹೂಡಿಕೆಗೆ ಕರೆಯುವವರನ್ನು ಕೇಳಿ: ಯಂತ್ರ ಎಲ್ಲಿದೆ? ಕರೆಂಟ್ ಬಿಲ್ ಎಷ್ಟು? ಕಳೆದ ತಿಂಗಳು ಗಳಿಕೆ ಎಷ್ಟು ಇಳಿಯಿತು? "ಇಳಿಯುವುದೇ ಇಲ್ಲ" ಎಂಬ ಉತ್ತರ ಬಂದರೆ ಅಲ್ಲಿ ಯಂತ್ರವೇ ಇಲ್ಲವೆಂದು ತಿಳಿಯಿರಿ. ಈಗಾಗಲೇ ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.